ಎಡ-ಬಲ ಚಾನೆಲ್‌ಗಳ ಏಕಕಾಲಿಕತೆ: ಡಿಜಿಟಲ್ ಧ್ವನಿ ಉಪಕರಣ ಕೊಳ್ಳುವವರು ಕೇಳಬೇಕಾದ ಒಂದು ಪ್ರಶ್ನೆ

ಧ್ವನಿವರ್ಧಕ, ಸಂಗೀತ ವ್ಯವಸ್ಥೆ, ಇಯರ್‌ಫೋನ್ ಮುಂತಾದ ಸರಕುಗಳನ್ನು ತರಿಸುವ ಅಥವಾ ಇಲ್ಲಿಯೇ ಜೋಡಿಸಿ ಮಾರುವ ನಮ್ಮ ಸದಸ್ಯರಿಗೆ ತಾಂತ್ರಿಕ ವಿವರಪಟ್ಟಿಯನ್ನು ಓದುವ ಅಭ್ಯಾಸ ಇದ್ದೇ ಇದೆ. ಎಷ್ಟು ವ್ಯಾಟ್, ಡಿಸ್ಟಾರ್ಷನ್ ಶೇಕಡಾ ಎಷ್ಟು, ಹಿನ್ನೆಲೆಯ ಗದ್ದಲ ಎಷ್ಟು ಡೆಸಿಬೆಲ್ ಕೆಳಗೆ ಎಂಬ ಅಂಕಿಗಳು ಅದರಲ್ಲಿ ಸಾಲಾಗಿ ನಿಂತಿರುತ್ತವೆ. ಆದರೆ ಎಡ ಮತ್ತು ಬಲ ಚಾನೆಲ್‌ಗಳು ಒಂದೇ ಕ್ಷಣದಲ್ಲಿ ನುಡಿಯುತ್ತವೆಯೇ ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಉತ್ತರ ದೊರೆಯುವುದು ಅಪರೂಪ. ಪ್ರತಿಯೊಂದು ಚಾನೆಲನ್ನು ಪ್ರತ್ಯೇಕವಾಗಿ ಅಳೆದರೆ ಎರಡೂ ನಿರ್ದೋಷವೆಂದೇ ತೋರುತ್ತವೆ. ದೋಷವಿರುವುದು ಅವೆರಡರ ನಡುವಿನ ಕಾಲದಲ್ಲಿ. ಒಂದೊಂದನ್ನೇ ಅಳೆಯುವ ಯಾವ ಮಾಪನದಲ್ಲಿಯೂ ಅದು ಕಾಣಸಿಗುವುದಿಲ್ಲ.

ಇದು ಕೇವಲ ಸಂಗೀತರಸಿಕರ ಸೂಕ್ಷ್ಮ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ. ಸಭಾಂಗಣಕ್ಕೆ ಒದಗಿಸಿದ ವ್ಯವಸ್ಥೆಯಲ್ಲಿ ಮಾತು ಮಂಕಾಗಿದೆ ಎಂದು ಗ್ರಾಹಕ ದೂರಿದಾಗ ಮಾರಾಟಗಾರ ಮೊದಲು ಬದಲಾಯಿಸುವುದು ಸ್ಪೀಕರನ್ನು, ಆಮೇಲೆ ಆಂಪ್ಲಿಫೈಯರನ್ನು. ಎರಡೂ ಬದಲಾದ ನಂತರವೂ ದೂರು ಉಳಿದರೆ ನಷ್ಟ ಮಾರಿದವನ ತಲೆಗೇ ಬರುತ್ತದೆ. ಮೂಲದಲ್ಲಿರುವ ದೋಷ ಒಂದು ಸೆಕೆಂಡಿನ ಲಕ್ಷದ ಕೆಲವು ಭಾಗಗಳಷ್ಟು ಮಾತ್ರ ಎಂಬುದು ಯಾರಿಗೂ ಹೊಳೆಯದಿರಬಹುದು. ಆ ದೋಷ ಎಲ್ಲಿ ಹುಟ್ಟುತ್ತದೆ, ಯಾವಾಗ ಅದು ಲೆಕ್ಕಕ್ಕೆ ಬರುತ್ತದೆ, ಯಾವಾಗ ಬರುವುದಿಲ್ಲ, ಅಲ್ಪ ವೆಚ್ಚದಲ್ಲಿ ಅದನ್ನು ಪತ್ತೆ ಹಚ್ಚುವುದು ಹೇಗೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಒಂದೇ ದಾರಿಯಲ್ಲಿ ಬರುವ ಎರಡು ಧ್ವನಿಗಳು

ಡಿಜಿಟಲ್ ರೂಪದಲ್ಲಿ ಧ್ವನಿಯೆಂದರೆ ಅಂಕಿಗಳ ಸಾಲು. ಕಾಂಪ್ಯಾಕ್ಟ್ ಡಿಸ್ಕ್‌ನಲ್ಲಿ, ಅಂದರೆ ನಮ್ಮ ಸಿ.ಡಿ.ಯಲ್ಲಿ, ಪ್ರತಿ ಚಾನೆಲ್‌ಗೆ ಸೆಕೆಂಡಿಗೆ 44,100 ಅಂಕಿಗಳಿರುತ್ತವೆ. ಒಂದೊಂದು ಅಂಕಿಯನ್ನೂ ಸ್ಯಾಂಪಲ್ ಎನ್ನುತ್ತಾರೆ. ಒಂದು ಸ್ಯಾಂಪಲ್‌ಗೂ ಮುಂದಿನದಕ್ಕೂ ನಡುವಿನ ಅವಧಿ 22.68 ಮೈಕ್ರೋಸೆಕೆಂಡ್. ಮೈಕ್ರೋಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ. ಈ ಅಂಕಿಗಳನ್ನು ಮತ್ತೆ ವಿದ್ಯುತ್ ಅಲೆಯಾಗಿ ಮಾರ್ಪಡಿಸುವ ಐಸಿಯೇ ಡಿಜಿಟಲ್-ಅನಲಾಗ್ ಪರಿವರ್ತಕ. ಮಾರುಕಟ್ಟೆಯಲ್ಲಿ ಇದನ್ನು ಡ್ಯಾಕ್ ಎಂದೇ ಕರೆಯುವುದು ರೂಢಿ.

ಧ್ವನಿಮುದ್ರಣದ ಸಮಯದಲ್ಲಿ ಎಡ ಮತ್ತು ಬಲದ ಸ್ಯಾಂಪಲ್‌ಗಳು ಒಂದೇ ಕ್ಷಣಕ್ಕೆ ಸೇರಿದ ಜೋಡಿಗಳು. ಆದರೆ ಪರಿವರ್ತಕದವರೆಗೆ ಬರುವಾಗ ಅವು ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು ಬರುತ್ತವೆ: ಮೊದಲು ಎಡ, ಆಮೇಲೆ ಬಲ, ಮತ್ತೆ ಎಡ, ಮತ್ತೆ ಬಲ. ಎತ್ತಿನ ಜೋಡಿಯನ್ನು ಕಿರಿದಾದ ಬಾಗಿಲಿನಿಂದ ಒಂದೊಂದಾಗಿ ದಾಟಿಸಿ, ಹೊರಗೆ ಬಂದ ಮೇಲೆ ಮತ್ತೆ ಒಂದೇ ನೊಗಕ್ಕೆ ಹೂಡಿದ ಹಾಗೆ. ಮೊದಲು ಬಂದ ಎತ್ತು ಎರಡನೆಯದಕ್ಕಾಗಿ ಕಾಯಬೇಕು. ಹೀಗೆ ಕಾಯಿಸುವ ವ್ಯವಸ್ಥೆ ಇಲ್ಲದಿದ್ದರೆ, ಅಥವಾ ಒಂದು ಜೋಡಿಯ ಎತ್ತನ್ನು ಮತ್ತೊಂದು ಜೋಡಿಯದರ ಜೊತೆ ತಪ್ಪಾಗಿ ಹೂಡಿದರೆ, ಈ ಲೇಖನದ ಸಮಸ್ಯೆ ಹುಟ್ಟುತ್ತದೆ.

ಮೊದಲ ಸಿ.ಡಿ. ಯಂತ್ರದ ಉದಾಹರಣೆ

ಈ ಸಮಸ್ಯೆ ಡಿಜಿಟಲ್ ಧ್ವನಿಯ ಮಾರುಕಟ್ಟೆಯಷ್ಟೇ ಹಳೆಯದು. 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದ ಸಿಡಿಪಿ-101 ಎಂಬ ಯಂತ್ರದ ಬೆಲೆ 1,68,000 ಯೆನ್. ಆ ಕಾಲದಲ್ಲಿ 16 ಬಿಟ್‌ಗಳ ನಿಖರತೆಯುಳ್ಳ ಪರಿವರ್ತಕವನ್ನು ತಯಾರಿಸುವುದು ಕಷ್ಟದ, ವೆಚ್ಚದ ಕೆಲಸವಾಗಿತ್ತು. ಆದ್ದರಿಂದ ಸೋನಿಯ ತಂತ್ರಜ್ಞರು ಎರಡು ಚಾನೆಲ್‌ಗಳಿಗೆ ಒಂದೇ ಪರಿವರ್ತಕವನ್ನು ಬಳಸಿದರು. ಅದು ಒಮ್ಮೆ ಎಡದ ಅಂಕಿಯನ್ನೂ ಮರುಗಳಿಗೆಯಲ್ಲಿ ಬಲದ ಅಂಕಿಯನ್ನೂ ಪರಿವರ್ತಿಸುತ್ತಿತ್ತು. ಪರಿಣಾಮವಾಗಿ ಎರಡು ಚಾನೆಲ್‌ಗಳ ನಡುವೆ ಸ್ಯಾಂಪಲ್ ಅವಧಿಯ ಅರ್ಧದಷ್ಟು, ಅಂದರೆ ಸುಮಾರು 11 ಮೈಕ್ರೋಸೆಕೆಂಡ್‌ಗಳಷ್ಟು, ಶಾಶ್ವತ ಅಂತರ ಉಳಿಯಿತು.

ಅತ್ತ ಹಾಲೆಂಡಿನ ಫಿಲಿಪ್ಸ್ ಬೇರೆ ದಾರಿ ಹಿಡಿಯಿತು. 16 ಬಿಟ್‌ಗೆ ಬದಲಾಗಿ 14 ಬಿಟ್‌ನ ಟಿಡಿಎ1540 ಐಸಿಯನ್ನು ಆರಿಸಿ, ಚಾನೆಲ್‌ಗೆ ಒಂದರಂತೆ ಎರಡನ್ನು ಹಾಕಿತು. ಸ್ಯಾಂಪಲ್ ದರವನ್ನು ನಾಲ್ಕು ಪಟ್ಟು ಹೆಚ್ಚಿಸುವ ಡಿಜಿಟಲ್ ಫಿಲ್ಟರ್ ಮೂಲಕ ಕಡಿಮೆ ಬಿಟ್‌ಗಳ ಕೊರತೆಯನ್ನು ತುಂಬಿಕೊಂಡಿತು. ಮುಂದೆ 1980ರ ದಶಕದ ಮಧ್ಯಭಾಗದಲ್ಲಿ ಅದೇ ಸಂಸ್ಥೆಯ ಟಿಡಿಎ1541 ಬಂದಾಗ 16 ಬಿಟ್‌ನ ಎರಡು ಪರಿವರ್ತಕಗಳು ಒಂದೇ ಐಸಿಯೊಳಗೆ ಕುಳಿತವು. ಒಂದು ಸಂಸ್ಥೆ ಬಿಟ್‌ಗಳನ್ನು ಉಳಿಸಿಕೊಂಡು ಕಾಲವನ್ನು ಬಿಟ್ಟುಕೊಟ್ಟಿತು, ಇನ್ನೊಂದು ಕಾಲವನ್ನು ಉಳಿಸಿಕೊಂಡು ಬಿಟ್‌ಗಳನ್ನು ಬಿಟ್ಟುಕೊಟ್ಟಿತು ಎನ್ನಬಹುದು. ವೆಚ್ಚದ ಮಿತಿಯೊಳಗೆ ಎರಡೂ ಸಮರ್ಥನೀಯ ನಿರ್ಧಾರಗಳೇ.

ಸೋನಿಯದೇ ಪಿಸಿಎಂ-ಎಫ್1 ಎಂಬ ಧ್ವನಿಮುದ್ರಣ ಸಾಧನದ ಕಥೆ ಇನ್ನೂ ಸ್ವಾರಸ್ಯಕರ. 1980ರ ದಶಕದ ಆರಂಭದ ಈ ಯಂತ್ರ ಮುದ್ರಿಸುವಾಗಲೂ ಎರಡು ಚಾನೆಲ್‌ಗಳಿಗೆ ಒಂದೇ ಪರಿವರ್ತಕವನ್ನು ಸರದಿಯಂತೆ ಬಳಸುತ್ತಿತ್ತು. ಮುದ್ರಣದಲ್ಲಿ ಹುಟ್ಟಿದ 11 ಮೈಕ್ರೋಸೆಕೆಂಡ್ ಅಂತರ ಅದೇ ಕ್ರಮದಲ್ಲಿ ನುಡಿಸುವ ಯಂತ್ರದಲ್ಲಿ ತಾನಾಗಿಯೇ ತೀರಿಹೋಗುತ್ತಿತ್ತು. ಅದೇ ಮುದ್ರಣವನ್ನು ಡಿಜಿಟಲ್ ರೂಪದಲ್ಲಿಯೇ ಸಿ.ಡಿ.ಗೆ ಸಾಗಿಸಿ ಎರಡು ಪರಿವರ್ತಕಗಳಿರುವ ಯಂತ್ರದಲ್ಲಿ ನುಡಿಸಿದರೆ ಅಂತರ ಹಾಗೆಯೇ ಹೊರಬೀಳುತ್ತಿತ್ತು. ಸರಿಯಾಗಿರುವ ಯಂತ್ರದಲ್ಲಿಯೇ ತಪ್ಪು ಬಯಲಾಗುವ ಇಂತಹ ಸಂದರ್ಭದಲ್ಲಿ ದೂರು ಯಾರ ಮೇಲೆ ಬೀಳುತ್ತದೆಂದು ವ್ಯಾಪಾರ ಬಲ್ಲವರು ಊಹಿಸಬಲ್ಲರು.

ಕಿವಿಗೆ ಇದು ಎಷ್ಟು ದೊಡ್ಡದು?

ಇಲ್ಲಿ ಅತಿಶಯೋಕ್ತಿಗೆ ಎಡೆಯಿಲ್ಲದಂತೆ ಲೆಕ್ಕ ಹಾಕುವುದು ಒಳಿತು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. 11.34 ಮೈಕ್ರೋಸೆಕೆಂಡಿನಲ್ಲಿ ಅದು ಕ್ರಮಿಸುವ ದೂರ 4 ಮಿಲಿಮೀಟರಿಗೂ ಸ್ವಲ್ಪ ಕಡಿಮೆ. ಒಂದು ಪೂರ್ಣ ಸ್ಯಾಂಪಲ್‌ನಷ್ಟು ಅಂತರವಾದರೂ 8 ಮಿಲಿಮೀಟರ್ ಮೀರುವುದಿಲ್ಲ. ಕೋಣೆಯಲ್ಲಿ ಕುಳಿತು ಸಂಗೀತ ಕೇಳುವವನು ತಲೆಯನ್ನು ತುಸು ಆಚೆಗೆ ವಾಲಿಸಿದರೆ ಇದಕ್ಕಿಂತ ಹೆಚ್ಚಿನ ವ್ಯತ್ಯಾಸವಾಗುತ್ತದೆ.

ಶಬ್ದದ ದಿಕ್ಕನ್ನು ಗುರುತಿಸಲು ನಮ್ಮ ಮಿದುಳು ಎರಡು ಕಿವಿಗಳಿಗೆ ತಲುಪುವ ಕಾಲದ ವ್ಯತ್ಯಾಸವನ್ನು ಬಳಸುತ್ತದೆ ಎಂಬ ವಿವರಣೆಯನ್ನು ಲಾರ್ಡ್ ರ‍್ಯಾಲೇ 1907ರಲ್ಲಿ ಮುಂದಿಟ್ಟರು. ಪೂರ್ತಿ ಒಂದು ಪಕ್ಕದಿಂದ ಬರುವ ಶಬ್ದಕ್ಕೆ ಈ ವ್ಯತ್ಯಾಸ ಸುಮಾರು 700 ಮೈಕ್ರೋಸೆಕೆಂಡ್. ಅತ್ಯುತ್ತಮ ಪರಿಸ್ಥಿತಿಯಲ್ಲಿ, ಹೆಡ್‌ಫೋನ್ ಧರಿಸಿದ ಪಳಗಿದ ಶ್ರೋತೃಗಳು ಗುರುತಿಸಬಲ್ಲ ಕನಿಷ್ಠ ವ್ಯತ್ಯಾಸ ಸುಮಾರು 10 ಮೈಕ್ರೋಸೆಕೆಂಡ್. ಹಾಗಾಗಿ ಸಿಡಿಪಿ-101ರ ಅಂತರ ಕೇಳಿಸಬಹುದಾದ ಗಡಿಯಂಚಿನಲ್ಲಿತ್ತು. ಸಾಮಾನ್ಯ ಗ್ರಾಹಕ ಅದನ್ನು ಗಮನಿಸುವ ಸಾಧ್ಯತೆ ಇಲ್ಲವೆಂದೇ ಹೇಳಬೇಕು.

ಆದರೆ ಎರಡು ಚಾನೆಲ್‌ಗಳನ್ನು ಒಂದಾಗಿ ಕೂಡಿಸಿದ ಕ್ಷಣದಲ್ಲಿ ಚಿತ್ರ ಬದಲಾಗುತ್ತದೆ. ನಮ್ಮ ಕಲ್ಯಾಣ ಮಂಟಪಗಳು, ದೇವಸ್ಥಾನಗಳು, ಬಸ್ ನಿಲ್ದಾಣಗಳಲ್ಲಿ ಎಡ-ಬಲವನ್ನು ಬೇರೆಯಾಗಿ ನುಡಿಸುವ ಅಗತ್ಯವೂ ಇಲ್ಲ, ಅನುಕೂಲವೂ ಇಲ್ಲ. ಎರಡನ್ನೂ ಮಿಕ್ಸರ್‌ನಲ್ಲಿ ಕೂಡಿಸಿ ಎಲ್ಲ ಸ್ಪೀಕರ್‌ಗಳಿಗೂ ಒಂದೇ ಧ್ವನಿ ಕಳುಹಿಸುವುದು ವಾಡಿಕೆ. ಒಂದೇ ಅಲೆ ತುಸು ಹಿಂದು-ಮುಂದಾಗಿ ತನ್ನೊಡನೆ ತಾನೇ ಕೂಡಿದಾಗ ಎತ್ತರದ ಸ್ವರಗಳಲ್ಲಿ ಏರು ತಗ್ಗನ್ನು ತುಂಬಿಬಿಡುತ್ತದೆ. 44,100ರ ದರದಲ್ಲಿ ಒಂದು ಸ್ಯಾಂಪಲ್ ಅಂತರವಿದ್ದರೆ 10 ಕಿಲೋಹರ್ಟ್ಸ್‌ನಲ್ಲಿ 2.4 ಡೆಸಿಬೆಲ್, 15 ಕಿಲೋಹರ್ಟ್ಸ್‌ನಲ್ಲಿ 6 ಡೆಸಿಬೆಲ್‌ಗೂ ಹೆಚ್ಚು, 20 ಕಿಲೋಹರ್ಟ್ಸ್‌ನಲ್ಲಿ ಸುಮಾರು 17 ಡೆಸಿಬೆಲ್ ನಷ್ಟವಾಗುತ್ತದೆ. ತಾಳ, ತಂಬೂರಿಗಳ ಹೊಳಪು ಕುಂದುತ್ತದೆ, ಆದರೆ ಸಂಗೀತ ಕೆಡುವುದಿಲ್ಲ.

ಸ್ಯಾಂಪಲ್ ದರ ಕಡಿಮೆಯಿದ್ದಾಗ ಇದೇ ತಪ್ಪು ದುಬಾರಿಯಾಗುತ್ತದೆ. ಒಂದು ಸ್ಯಾಂಪಲ್‌ನ ಅಂತರ ಯಾವ ದರದಲ್ಲಿದ್ದರೂ ಆ ದರದ ನಾಲ್ಕನೆಯ ಒಂದು ಭಾಗದ ಆವರ್ತನದಲ್ಲಿ 3 ಡೆಸಿಬೆಲ್ ಕಳೆದು, ಅರ್ಧದಷ್ಟರ ಹತ್ತಿರ ಎಲ್ಲವನ್ನೂ ಅಳಿಸುತ್ತದೆ. ಮುದ್ರಿತ ಪ್ರಕಟಣೆಗಳನ್ನು ನುಡಿಸುವ ಯಂತ್ರಗಳಲ್ಲಿ 16,000ದ ದರವೂ ಬಳಕೆಯಲ್ಲಿದೆ. ಅಲ್ಲಿ 4 ಕಿಲೋಹರ್ಟ್ಸ್‌ನಲ್ಲಿಯೇ 3 ಡೆಸಿಬೆಲ್ ಹೋಗುತ್ತದೆ, 6 ಕಿಲೋಹರ್ಟ್ಸ್‌ನಲ್ಲಿ 8 ಡೆಸಿಬೆಲ್‌ಗೂ ಹೆಚ್ಚು. ಸಕಾರ, ಶಕಾರಗಳ ಸತ್ವವೆಲ್ಲ ಇರುವುದು ಇದೇ ಪಟ್ಟಿಯಲ್ಲಿ. ಊರಿನ ಹೆಸರನ್ನು ಸ್ಪಷ್ಟವಾಗಿ ಹೇಳಬೇಕಾದ ಯಂತ್ರ ಬಾಯಿಗೆ ಬಟ್ಟೆ ಮುಚ್ಚಿಕೊಂಡು ಮಾತನಾಡಿದಂತೆ ಕೇಳಿಸುತ್ತದೆ.

ತಂತಿ ಅದಲು-ಬದಲಿನ ಅಡಗಿದ ದೋಷ

ಇಂದಿನ ಪರಿವರ್ತಕ ಐಸಿಗಳಲ್ಲಿ ಎರಡು ಚಾನೆಲ್‌ಗಳೂ ಒಂದೇ ಚಿಪ್‌ನೊಳಗಿದ್ದು, ಮೊದಲು ಬಂದ ಎಡದ ಅಂಕಿಯನ್ನು ತಡೆಹಿಡಿದು ಬಲದ ಅಂಕಿ ಬಂದ ಮೇಲೆ ಎರಡನ್ನೂ ಒಟ್ಟಿಗೆ ಬಿಡುವ ವ್ಯವಸ್ಥೆ ಇರುತ್ತದೆ. ಹಾಗಿದ್ದ ಮೇಲೆ ತಪ್ಪು ಎಲ್ಲಿಂದ ಬರುತ್ತದೆ? ಹೆಚ್ಚಾಗಿ ಐಸಿಗೂ ಅದಕ್ಕೆ ಅಂಕಿ ಕಳುಹಿಸುವ ಪ್ರೊಸೆಸರ್‌ಗೂ ನಡುವಿನ ಒಪ್ಪಂದದಿಂದ.

ಫಿಲಿಪ್ಸ್ ಸಂಸ್ಥೆ 1986ರಲ್ಲಿ ಪ್ರಕಟಿಸಿದ ಐ2ಎಸ್ ಎಂಬ ಕ್ರಮ ಇಂದಿಗೂ ಈ ಕ್ಷೇತ್ರದ ಸಾಮಾನ್ಯ ಭಾಷೆ. ಅದರಲ್ಲಿ ಮೂರು ತಂತಿಗಳು. ಒಂದು ಬಿಟ್‌ಗಳ ತಾಳ ಹಿಡಿಯುವ ಕ್ಲಾಕ್, ಒಂದು ಅಂಕಿಗಳನ್ನು ಒಯ್ಯುವ ಡೇಟಾ, ಮತ್ತೊಂದು ಈಗ ಬರುತ್ತಿರುವುದು ಎಡವೋ ಬಲವೋ ಎಂದು ತಿಳಿಸುವ ವರ್ಡ್ ಸೆಲೆಕ್ಟ್. ಮೂರನೆಯ ತಂತಿ ಕೆಳಮಟ್ಟದಲ್ಲಿದ್ದರೆ ಎಡ, ಮೇಲ್ಮಟ್ಟದಲ್ಲಿದ್ದರೆ ಬಲ. ಆ ತಂತಿ ಬದಲಾದ ಒಂದು ಬಿಟ್ ತಡವಾಗಿ ಅಂಕಿ ಆರಂಭವಾಗುತ್ತದೆ. ಇದರ ಜೊತೆಗೆ ಲೆಫ್ಟ್ ಜಸ್ಟಿಫೈಡ್ ಎಂಬ ಮತ್ತೊಂದು ಕ್ರಮವೂ ಬಳಕೆಯಲ್ಲಿದೆ. ಅಲ್ಲಿ ಮೇಲ್ಮಟ್ಟವೆಂದರೆ ಎಡ, ಅಂಕಿಗೆ ತಡವೂ ಇಲ್ಲ. ಬಹುತೇಕ ಐಸಿಗಳು ಎರಡನ್ನೂ ಅರ್ಥಮಾಡಿಕೊಳ್ಳಬಲ್ಲವು. ಯಾವುದು ಬೇಕೆಂದು ತಯಾರಕರು ನಿಗದಿಪಡಿಸಬೇಕು.

ಈ ನಿಗದಿಯಲ್ಲಿ ಒಂದು ಬಿಟ್‌ನ ತಡ ತಪ್ಪಿದರೆ ಧ್ವನಿ ಕರ್ಕಶವಾಗಿ ಒಡೆದು ಮೊದಲ ಪರೀಕ್ಷೆಯಲ್ಲಿಯೇ ಸಿಕ್ಕಿಬೀಳುತ್ತದೆ. ಅದು ಗದ್ದಲ ಮಾಡುವ ತಪ್ಪು, ಅಪಾಯವಿಲ್ಲ. ಎಡ-ಬಲದ ಸೂಚನೆ ಮಾತ್ರ ತಿರುವುಮುರುವಾದರೆ ಆಗುವುದೇ ಬೇರೆ. ಧ್ವನಿ ಶುದ್ಧವಾಗಿಯೇ ಬರುತ್ತದೆ, ಆದರೆ ಎಡಕ್ಕೆ ಬಲ, ಬಲಕ್ಕೆ ಎಡ. ಪರೀಕ್ಷಿಸುವವನು ಇದನ್ನು ಗಮನಿಸಿ ಹೊರಹೋಗುವ ಎರಡು ತಂತಿಗಳನ್ನು ಅದಲು-ಬದಲು ಮಾಡುತ್ತಾನೆ. ಎಡ ಎಡಕ್ಕೆ, ಬಲ ಬಲಕ್ಕೆ ಬಂತು, ಕೆಲಸ ಮುಗಿಯಿತು ಎಂದುಕೊಳ್ಳುತ್ತಾನೆ.

ವಾಸ್ತವದಲ್ಲಿ ಮುಗಿದಿರುವುದಿಲ್ಲ. ಐಸಿಯ ಪಾಲಿಗೆ ಜೋಡಿ ಆರಂಭವಾಗುವುದು ಸೂಚನೆಯ ತಂತಿ ಕೆಳಮಟ್ಟಕ್ಕೆ ಇಳಿದಾಗ. ಕಳುಹಿಸುವವನು ಎಡವನ್ನು ಮೇಲ್ಮಟ್ಟದಲ್ಲಿ ಕಳುಹಿಸುತ್ತಿದ್ದರೆ, ಐಸಿ ಮೊದಲು ಹಿಡಿಯುವುದು ಈ ಜೋಡಿಯ ಬಲವನ್ನು, ಆಮೇಲೆ ಹಿಡಿಯುವುದು ಮುಂದಿನ ಜೋಡಿಯ ಎಡವನ್ನು. ಅವೆರಡನ್ನೂ ಒಟ್ಟಿಗೆ ಬಿಡುತ್ತದೆ. ನೂರನೆಯ ಬಲದ ಜೊತೆ ನೂರೊಂದನೆಯ ಎಡ. ಹೊರಗಿನ ತಂತಿಯನ್ನು ಎಷ್ಟು ಬದಲಾಯಿಸಿದರೂ ಈ ತಪ್ಪು ಜೋಡಿ ಸರಿಹೋಗದು. ಪೂರ್ಣ ಒಂದು ಸ್ಯಾಂಪಲ್‌ನ ಅಂತರ ಆ ಉಪಕರಣದಲ್ಲಿ ಖಾಯಂ ಆಗಿ ಉಳಿಯುತ್ತದೆ. ಐಸಿಯೊಳಗಿನ ಫಿಲ್ಟರ್ ಸ್ಯಾಂಪಲ್ ದರವನ್ನು ಎಂಟು ಪಟ್ಟು ಹೆಚ್ಚಿಸುವಂಥದ್ದಾದರೂ ಪ್ರಯೋಜನವಿಲ್ಲ. ತಪ್ಪು ಫಿಲ್ಟರಿಗಿಂತ ಮೊದಲೇ ಆಗಿಹೋಗಿರುತ್ತದೆ.

ಮೇಲೆ ಹೇಳಿದ ಪ್ರಕಟಣೆ ಯಂತ್ರಗಳಲ್ಲಿ ಈ ದೋಷ ಇನ್ನೂ ಆಳವಾಗಿ ಅಡಗಬಲ್ಲದು. ಒಂದೇ ಧ್ವನಿಯನ್ನು ಎರಡು ಚಾನೆಲ್‌ಗೂ ಕೊಟ್ಟು ಹೊರಗೆ ಎರಡು ರೆಸಿಸ್ಟರ್‌ಗಳ ಮೂಲಕ ಕೂಡಿಸಿಕೊಳ್ಳುವ ವಿನ್ಯಾಸವಿದ್ದರೆ, ಎಡ-ಬಲ ತಿರುಗಿರುವುದನ್ನು ಗುರುತಿಸುವ ಸಂದರ್ಭವೇ ಬರುವುದಿಲ್ಲ. ಎರಡೂ ಒಂದೇ ಧ್ವನಿಯಲ್ಲವೇ! ಕೂಡಿದ ಮೇಲೆ ಕಾಣುವುದು ಮಂಕು ಮಾತ್ರ, ಅದಕ್ಕೆ ಬೈಗುಳ ತಿನ್ನುವುದು ಸ್ಪೀಕರ್.

ಚಾನೆಲ್‌ಗೊಂದು ಪ್ರತ್ಯೇಕ ಐಸಿ ಬಳಸುವ ದುಬಾರಿ ಉಪಕರಣಗಳಲ್ಲಿ ಸಮಸ್ಯೆಯ ರೂಪ ಬೇರೆ. ಬರ್-ಬ್ರೌನ್ ಸಂಸ್ಥೆಯ ಪಿಸಿಎಂ56ನಂತಹ ಹಳೆಯ ಒಂಟಿ ಚಾನೆಲ್ ಐಸಿಗಳು ತಮ್ಮ ಅಂಕಿ ಬಂದ ಕೂಡಲೇ ಅದನ್ನು ಹೊರಬಿಡುತ್ತವೆ. ಹಾಗೆಯೇ ಬಿಟ್ಟರೆ ಎಡ ಅರ್ಧ ಸ್ಯಾಂಪಲ್ ಮುಂಚೆ ನುಡಿದು ಸಿಡಿಪಿ-101ರ ಕಾಲಕ್ಕೇ ಹಿಂದಿರುಗಿದಂತಾಗುತ್ತದೆ. ಎಡದ ಅಂಕಿಗಳನ್ನು ಶಿಫ್ಟ್ ರಿಜಿಸ್ಟರ್‌ಗಳಲ್ಲಿ ಕಾಯಿಸಿ, ಎರಡೂ ಐಸಿಗಳಿಗೆ ಒಂದೇ ಲ್ಯಾಚ್ ಸಂಕೇತ ಕೊಡುವುದು ಇದಕ್ಕೆ ಪರಿಹಾರ. ಪಿಸಿಎಂ1794ಎ ಮಾದರಿಯ ನಂತರದ ಐಸಿಗಳಲ್ಲಿ ಮಾನೊ ವಿಧಾನವೇ ಇದೆ: ಎರಡೂ ಐಸಿಗಳಿಗೆ ಎಡ-ಬಲದ ಪೂರ್ಣ ಅಂಕಿಸಾಲು ಹೋಗುತ್ತದೆ, ಪ್ರತಿಯೊಂದೂ ತನ್ನ ಪಾಲನ್ನು ಆರಿಸಿಕೊಳ್ಳುತ್ತದೆ. ಎರಡಕ್ಕೂ ಒಂದೇ ಮೂಲದ ಕ್ಲಾಕ್ ಹೋಗುತ್ತಿದೆಯೇ ಎಂಬುದನ್ನು ಮಾತ್ರ ಕೊಳ್ಳುವವರು ಕೇಳಬೇಕು.

ಇದೇ ಸಂದರ್ಭದಲ್ಲಿ ಒಂದು ಮಾತು. 2020ರ ಅಕ್ಟೋಬರ್ 20ರಂದು ಜಪಾನಿನ ಮಿಯಾಝಾಕಿ ಪ್ರಾಂತದ ನೊಬೆಯೊಕಾ ನಗರದಲ್ಲಿದ್ದ ಅಸಾಹಿ ಕಸೈ ಮೈಕ್ರೋಡಿವೈಸಸ್ ಸಂಸ್ಥೆಯ ಕಾರ್ಖಾನೆಗೆ ಬೆಂಕಿ ಬಿದ್ದು, ಧ್ವನಿ ಪರಿವರ್ತಕ ಐಸಿಗಳ ಪೂರೈಕೆ ವಿಶ್ವದಾದ್ಯಂತ ಅಸ್ತವ್ಯಸ್ತವಾಯಿತು. ಅನೇಕ ತಯಾರಕರು ಬೇರೆ ಸಂಸ್ಥೆಗಳ ಐಸಿಗಳಿಗೆ ತಮ್ಮ ಬೋರ್ಡುಗಳನ್ನು ಹೊಂದಿಸಿಕೊಳ್ಳಬೇಕಾಯಿತು. ಐಸಿ ಬದಲಾದಾಗ ಕ್ರಮದ ನಿಗದಿಯೂ ಬದಲಾಗಬೇಕು. ಹಳೆಯ ಹೆಸರಿನಲ್ಲಿಯೇ ಬರುವ ಬೋರ್ಡಿನ ಒಳಗೆ ಹೊಸ ಐಸಿ ಕುಳಿತಿದ್ದರೆ, ಹಿಂದಿನ ಕಂತಿನ ಪರೀಕ್ಷೆಯನ್ನು ನಂಬಿ ಈ ಕಂತನ್ನು ಒಪ್ಪಿಕೊಳ್ಳುವುದು ವಿವೇಕವಲ್ಲ.

ಎರಡು ಗಡಿಯಾರಗಳ ಸಂಸಾರ

ಈವರೆಗೆ ಹೇಳಿದ ಅಂತರಗಳು ಸ್ಥಿರವಾದವು. ಹುಟ್ಟಿದಷ್ಟೇ ಉಳಿಯುತ್ತವೆ, ಬೆಳೆಯುವುದಿಲ್ಲ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಕ್ರಿಸ್ಟಲ್ ಇದ್ದಾಗ ಅಂತರ ಬೆಳೆಯತೊಡಗುತ್ತದೆ. ಎರಡು ಕ್ರಿಸ್ಟಲ್‌ಗಳು ಹತ್ತು ಲಕ್ಷಕ್ಕೆ 20 ಭಾಗದಷ್ಟು ಭಿನ್ನವಾಗಿವೆ ಎನ್ನೋಣ, ಇದು ಸಾಮಾನ್ಯ ಕ್ರಿಸ್ಟಲ್‌ಗಳಲ್ಲಿ ಸಹಜವೇ. ಪ್ರತಿ ಸೆಕೆಂಡಿಗೂ 20 ಮೈಕ್ರೋಸೆಕೆಂಡ್ ಸೇರುತ್ತ ಹೋಗುತ್ತದೆ. 35 ಸೆಕೆಂಡಿಗೆ ಅಂತರ 700 ಮೈಕ್ರೋಸೆಕೆಂಡ್ ಮುಟ್ಟಿ, ಮಧ್ಯದಲ್ಲಿ ನಿಂತು ಹಾಡುತ್ತಿದ್ದ ಗಾಯಕ ಪೂರ್ತಿ ಒಂದು ಪಕ್ಕಕ್ಕೆ ಸರಿದಂತಾಗುತ್ತದೆ. ಮೊದಲು ಬಂದ ಧ್ವನಿಯ ಕಡೆಗೇ ಕಿವಿ ವಾಲುತ್ತದೆ ಎಂಬುದನ್ನು ಹೆಲ್ಮುಟ್ ಹಾಸ್ 1949ರ ತಮ್ಮ ಸಂಶೋಧನೆಯಲ್ಲಿ ತೋರಿಸಿದ್ದರು. ಸರಿಪಡಿಸದೆ ಬಿಟ್ಟರೆ ಒಂದು ಗಂಟೆಗೆ 72 ಮಿಲಿಸೆಕೆಂಡ್ ಆಗಿ, ಮಾತು ಎರಡೆರಡು ಬಾರಿ ಕೇಳಿಸತೊಡಗುತ್ತದೆ.

ಎರಡು ಕಿವಿಗೆ ಎರಡು ಬಿಡಿ ಗುಂಡಿಯಂತೆ ಬರುವ ತಂತಿರಹಿತ ಇಯರ್‌ಬಡ್‌ಗಳಲ್ಲಿ ಇದೇ ಪರಿಸ್ಥಿತಿ. ಪ್ರತಿಯೊಂದರಲ್ಲಿಯೂ ಅದರದೇ ಬ್ಯಾಟರಿ, ಅದರದೇ ಕ್ರಿಸ್ಟಲ್, ಅದರದೇ ಪರಿವರ್ತಕ. ಬ್ಲೂಟೂತ್‌ನ ಹಳೆಯ ಕ್ರಮದಲ್ಲಿ ಫೋನು ಧ್ವನಿಯನ್ನು ಒಂದೇ ಸಾಧನಕ್ಕೆ ಕಳುಹಿಸುತ್ತಿತ್ತು. ಎರಡನೆಯ ಬಡ್‌ಗೆ ಅದನ್ನು ದಾಟಿಸುವ, ಎರಡರ ಕಾಲವನ್ನು ಹೊಂದಿಸುವ ಉಪಾಯಗಳೆಲ್ಲ ಆಯಾ ಚಿಪ್ ತಯಾರಕರ ಸ್ವಂತದವು. 2020ರ ಜನವರಿಯಲ್ಲಿ ಪ್ರಕಟವಾದ ಬ್ಲೂಟೂತ್ 5.2 ಆವೃತ್ತಿಯಲ್ಲಿ ಎಡಕ್ಕೆ ಒಂದು, ಬಲಕ್ಕೆ ಒಂದು ಎಂದು ಕಾಲಬದ್ಧವಾದ ಎರಡು ಪ್ರವಾಹಗಳನ್ನು ಕಳುಹಿಸುವ ಏರ್ಪಾಡು ಬಂತು. ಇಷ್ಟು ಮೈಕ್ರೋಸೆಕೆಂಡ್‌ಗಳ ನಂತರ ನುಡಿಸಬೇಕು ಎಂಬ ಸೂಚನೆ ಎರಡೂ ಬಡ್‌ಗಳಿಗೆ ಸಮಾನವಾಗಿ ಹೋಗುತ್ತದೆ. ಎಲ್ಇ ಆಡಿಯೊ ಎಂದು ಕರೆಯುವ ಈ ಪೂರ್ಣ ಕ್ರಮದ ನಿಯಮಾವಳಿಗಳು ಸಿದ್ಧವಾದದ್ದು 2022ರ ಜುಲೈನಲ್ಲಿ. ಪೆಟ್ಟಿಗೆಯ ಮೇಲೆ ಬ್ಲೂಟೂತ್ 5.2 ಅಥವಾ 5.3 ಎಂದಿದ್ದ ಮಾತ್ರಕ್ಕೆ ಒಳಗೆ ಎಲ್ಇ ಆಡಿಯೊ ಇದೆಯೆಂದು ಅರ್ಥವಲ್ಲ ಎಂಬುದನ್ನು ಚಿಲ್ಲರೆ ವ್ಯಾಪಾರಿಗಳು ವಿಶೇಷವಾಗಿ ಗಮನಿಸಬೇಕು.

ಇದಕ್ಕೆ ತದ್ವಿರುದ್ಧವಾದ ಅತಿಯೂ ಇದೆ. ದುಬಾರಿ ಡ್ಯಾಕ್‌ಗಳ ಜಾಹೀರಾತಿನಲ್ಲಿ ಫೆಮ್ಟೋಸೆಕೆಂಡ್ ಕ್ಲಾಕ್ ಎಂಬ ಬಿರುದು ಕಾಣುತ್ತದೆ. 100 ಫೆಮ್ಟೋಸೆಕೆಂಡಿನಲ್ಲಿ ಶಬ್ದ ಗಾಳಿಯಲ್ಲಿ ಸಾಗುವ ದೂರ ಒಂದು ಪರಮಾಣುವಿನ ಅಗಲಕ್ಕಿಂತ ಕಡಿಮೆ. ಕ್ಲಾಕ್‌ನ ನಡುಕ ಪರಿವರ್ತನೆಯ ಶುದ್ಧತೆಗೆ ಸಂಬಂಧಿಸಿದ ಬೇರೆ ವಿಷಯ, ಅದಕ್ಕೆ ತನ್ನದೇ ಮಹತ್ವವಿದೆ. ಆದರೆ ಎರಡು ಚಾನೆಲ್‌ಗಳಿಗೂ ಒಂದೇ ಕ್ಲಾಕ್ ಹೋಗುತ್ತಿದ್ದರೆ ಅದರ ನಡುಕವೂ ಎರಡಕ್ಕೂ ಒಂದೇ. ಎಡ-ಬಲದ ಹೊಂದಾಣಿಕೆಗಾಗಿ ಫೆಮ್ಟೋಸೆಕೆಂಡಿಗೆ ಹಣ ಕೊಡುವುದು ವ್ಯರ್ಥವೆಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ಸರಕು ಒಪ್ಪಿಕೊಳ್ಳುವ ಮುನ್ನ

ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ 2012ರ ಆದೇಶದ ಮೂಲಕ ಎಲೆಕ್ಟ್ರಾನಿಕ್ ಸರಕುಗಳಿಗೆ ಬಂದಿತು. ಧ್ವನಿ ಉಪಕರಣಗಳ ಮಟ್ಟಿಗೆ ಅದು ನೋಡುವುದು ವಿದ್ಯುತ್ ಆಘಾತ, ಬೆಂಕಿ ಮುಂತಾದ ಸುರಕ್ಷತೆಯ ಅಂಶಗಳನ್ನು. ಚಾನೆಲ್‌ಗಳ ಹೊಂದಾಣಿಕೆ ಅದರ ವ್ಯಾಪ್ತಿಯಲ್ಲಿಲ್ಲ. ನೋಂದಣಿ ಸಂಖ್ಯೆ ಇದೆಯೆಂದು ಈ ವಿಷಯದಲ್ಲಿ ನಿಶ್ಚಿಂತರಾಗುವಂತಿಲ್ಲ.

ಪರೀಕ್ಷೆಗೆ ಬೇಕಾದದ್ದು ಎರಡು ಚಾನೆಲ್‌ನ ಒಂದು ಸಾಧಾರಣ ಆಸಿಲೋಸ್ಕೋಪ್. ಬೆಂಗಳೂರಿನ ಎಸ್.ಪಿ. ರಸ್ತೆಯ ಆಸುಪಾಸಿನಲ್ಲಿ ರಿಪೇರಿ ಮಾಡುವವರ ಬಳಿ ಇದು ಅಪರೂಪದ ವಸ್ತುವೇನಲ್ಲ. ಎಡ-ಬಲ ಎರಡರಲ್ಲಿಯೂ ಒಂದೇ ಧ್ವನಿಯಿರುವ ಕಡತವನ್ನು ನುಡಿಸಿ, ಎರಡು ಹೊರಹರಿವುಗಳನ್ನು ಎಕ್ಸ್-ವೈ ವಿಧಾನದಲ್ಲಿ ನೋಡಬೇಕು. ಹೊಂದಾಣಿಕೆ ಸರಿಯಿದ್ದರೆ ಪರದೆಯ ಮೇಲೆ ಓರೆಯಾದ ಒಂದು ನೇರ ಗೆರೆ ಮಾತ್ರ. ಅಂತರವಿದ್ದರೆ ಆವರ್ತನ ಏರಿದಂತೆ ಗೆರೆ ಅಂಡಾಕಾರವಾಗಿ ಬಾಯಿ ತೆರೆಯುತ್ತದೆ. ಒಂದು ಸ್ಯಾಂಪಲ್‌ನ ಅಂತರವಾದರೆ 44,100ರ ದರದಲ್ಲಿ 11,025 ಹರ್ಟ್ಸ್‌ಗೆ, 48,000ದ ದರದಲ್ಲಿ 12,000 ಹರ್ಟ್ಸ್‌ಗೆ ಅದು ಸರಿಯಾದ ವೃತ್ತವಾಗುತ್ತದೆ. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಆಸಿಲೋಸ್ಕೋಪ್ ಇಲ್ಲದವರು ಫೇಸ್ ತಿರುಗಿಸುವ ಗುಂಡಿಯುಳ್ಳ ಮಿಕ್ಸರ್ ಬಳಸಬಹುದು. ಎರಡು ಚಾನೆಲ್‌ಗಳ ಮಟ್ಟವನ್ನು ಸಮಗೊಳಿಸಿ ಒಂದನ್ನು ತಿರುಗಿಸಿ ಕೂಡಿಸಿದರೆ ಎರಡೂ ಪರಸ್ಪರ ಅಳಿಸಿ ಹೆಚ್ಚುಕಡಿಮೆ ಮೌನವಾಗಬೇಕು. ಸಕಾರಗಳು, ತಾಳದ ಝಣತ್ಕಾರ ಮಾತ್ರ ತೆಳ್ಳಗೆ ಉಳಿದರೆ ಅಂತರವಿದೆಯೆಂದೇ ತಿಳಿಯಬೇಕು. ಈ ಪರೀಕ್ಷೆಯನ್ನು ಲೈನ್ ಔಟ್‌ಪುಟ್‌ನಲ್ಲಿ ಮಾತ್ರ ಮಾಡಬೇಕು, ಆಂಪ್ಲಿಫೈಯರಿನ ಸ್ಪೀಕರ್ ತುದಿಗಳಲ್ಲಿ ಅಲ್ಲ. ಕಂಪ್ಯೂಟರಿನ ಸೌಂಡ್ ಕಾರ್ಡ್ ಮತ್ತು ಆಡಾಸಿಟಿಯಂತಹ ಉಚಿತ ತಂತ್ರಾಂಶದಿಂದಲೂ ಇದನ್ನು ನೋಡಬಹುದು. ಮೊದಲು ಒಂದೇ ಸಂಕೇತವನ್ನು ಕಾರ್ಡಿನ ಎರಡೂ ಒಳದಾರಿಗಳಿಗೆ ಕೊಟ್ಟು ಕಾರ್ಡ್ ತಾನೇ ಸರಿಯಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು, ಇಲ್ಲವಾದರೆ ತಕ್ಕಡಿಯ ದೋಷ ಸರಕಿನ ಮೇಲೆ ಬೀಳುತ್ತದೆ.

ಖರೀದಿ ಆದೇಶದಲ್ಲಿ ಸೇರಿಸಬಹುದಾದ ಷರತ್ತು ಹೀಗಿರಬಹುದು: ಎರಡೂ ಚಾನೆಲ್‌ಗಳಿಗೆ ಒಂದೇ ಡಿಜಿಟಲ್ ಸಂಕೇತ ಕೊಟ್ಟಾಗ, 1ರಿಂದ 10 ಕಿಲೋಹರ್ಟ್ಸ್‌ವರೆಗೆ ಹೊರಹರಿವುಗಳ ನಡುವಿನ ಕಾಲವ್ಯತ್ಯಾಸ 2 ಮೈಕ್ರೋಸೆಕೆಂಡ್ ಮೀರಬಾರದು. 1 ಕಿಲೋಹರ್ಟ್ಸ್‌ಗಿಂತ ಕೆಳಗೆ ಹೋಗಬಾರದೆನ್ನಲು ಕಾರಣವಿದೆ. ಬಹಳ ತಗ್ಗಿನ ಆವರ್ತನಗಳಲ್ಲಿ ಕಪಲಿಂಗ್ ಕೆಪಾಸಿಟರ್‌ಗಳ ಸಣ್ಣ ಭೇದವೇ ದೊಡ್ಡ ಅಂತರವಾಗಿ ತೋರಿ ದಾರಿ ತಪ್ಪಿಸುತ್ತದೆ. 2 ಮೈಕ್ರೋಸೆಕೆಂಡ್ ಎಂಬುದು ಕಠಿಣ ಮಿತಿಯೂ ಅಲ್ಲ. ಹೊರಹರಿವಿನಲ್ಲಿ 50 ಕಿಲೋಹರ್ಟ್ಸ್‌ನ ಸರಳ ಫಿಲ್ಟರ್ ಇದ್ದು, ಅದರ ಬಿಡಿಭಾಗಗಳು ಎಡಕ್ಕೂ ಬಲಕ್ಕೂ ಶೇಕಡಾ 10ರಷ್ಟು ಭಿನ್ನವಾಗಿದ್ದರೂ ಉಂಟಾಗುವ ಅಂತರ ಮೈಕ್ರೋಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಮಾತ್ರ. 192 ಕಿಲೋಹರ್ಟ್ಸ್ ದರದಲ್ಲಿ ಅರ್ಧ ಸ್ಯಾಂಪಲ್ ಎಂದರೂ 2.6 ಮೈಕ್ರೋಸೆಕೆಂಡ್. ಹಾಗಾಗಿ ಪ್ರಾಮಾಣಿಕ ತಯಾರಕನಿಗೆ ಈ ಷರತ್ತು ಹೊರೆಯಾಗದು, ತಪ್ಪು ಜೋಡಿ ಮಾತ್ರ ಇದನ್ನು ದಾಟಲಾರದು.

ದೋಷ ಕಂಡುಬಂದರೆ ಸರಿಪಡಿಸಬೇಕಾದ್ದು ಪ್ರೊಸೆಸರ್‌ನ ತಂತ್ರಾಂಶದಲ್ಲಿ ಅಥವಾ ಐಸಿಯ ಕ್ರಮದ ನಿಗದಿಯಲ್ಲಿ. ಪೂರೈಕೆದಾರರು ಹೊರಗಿನ ತಂತಿ ಬದಲಾಯಿಸಿ ಕಳುಹಿಸುತ್ತೇವೆ ಎಂದರೆ ಒಪ್ಪಬಾರದು. ಸರಿಪಡಿಸಿದ ತಂತ್ರಾಂಶದ ಆವೃತ್ತಿ ಸಂಖ್ಯೆಯನ್ನು ಬರಹದಲ್ಲಿ ಪಡೆದು, ಮರಳಿ ಬಂದ ಕಂತಿನಿಂದ ಕೆಲವು ಬೋರ್ಡುಗಳನ್ನು ಆರಿಸಿ, ಅವು ನುಡಿಸಬಲ್ಲ ಪ್ರತಿಯೊಂದು ಸ್ಯಾಂಪಲ್ ದರದಲ್ಲಿಯೂ ಎಕ್ಸ್-ವೈ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕು.